ರಾಕ್ಷಸ ಬರುತ್ತಾನಂತೆ

ಹೊನ್ನಾವರ ತಾಲೂಕಿನವರಿಗೆ ರಾಕ್ಷಸರ ಒಡನಾಟ ಇವತ್ತಿನದಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದಂದಿನಿಂದ ಲೆಕ್ಕ ಹಿಡಿದರೂ ತೊಂಬತ್ತು ವರ್ಷ ದಾಟಿತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ರಂಗಕ್ಕೆ ಬಂದರೆ ಮುಂದಿನ ಸಾಲಿನ ಮಕ್ಕಳು ಅಜ್ಜನ ಪಂಚೆಯಲ್ಲಿ ಮುಖ ಹುದುಗಿಸುತ್ತಿದ್ದವು. ಅಜ್ಜ ಮಾತ್ರ ಕವಳದ ಸಂಚಿ ಬಿಚ್ಚುತ್ತ, ಹೋದ ವರ್ಷದ ಕುಣಿತವೇ ಒಂದು ತೂಕ ಹೆಚ್ಚಿತ್ತು ಎಂದು ತೀರ್ಪು ಕೊಡುತ್ತಿದ್ದ. ಇಂಥವರ ಮೊಮ್ಮಕ್ಕಳ ಎದುರು ಕಂಪ್ಯೂಟರಿನಲ್ಲಿ ಮಾಡಿದ ರಾಕ್ಷಸನನ್ನು ತಂದು ನಿಲ್ಲಿಸಿದರೆ, ಅವರು ಹೆದರುವ ಮೊದಲು ಹೆಜ್ಜೆ ನೋಡುತ್ತಾರೆ.

ಈಗ ಅಂಥ ಒಬ್ಬ ಬರುವ ಸುದ್ದಿಯಿದೆ. ತಾರಾ ಗೇಮಿಂಗ್ ಎಂಬ ಸಂಸ್ಥೆ 2025ರಲ್ಲಿ 'ದಿ ಏಜ್ ಆಫ್ ಭಾರತ್' ಎಂಬ ಆಟವನ್ನು ಘೋಷಿಸಿತು. ನಮ್ಮ ಪುರಾಣಗಳ ಜಾಡಿನಲ್ಲಿ ಹೆಣೆದ ಕತ್ತಲ ಲೋಕ ಅದರದ್ದು. ಸಂಸ್ಥೆ ಕಟ್ಟಿದವರಲ್ಲಿ ಲೇಖಕ ಅಮೀಶ್ ತ್ರಿಪಾಠಿ ಇದ್ದಾರೆ, ಅಮಿತಾಭ್ ಬಚ್ಚನ್ ಇದ್ದಾರೆ. ಇಂಥ ಸುದ್ದಿ ಬಂದಾಗಲೆಲ್ಲ ಕುಮಟಾದಿಂದ ಭಟ್ಕಳದವರೆಗೆ ಹೆದ್ದಾರಿಯುದ್ದಕ್ಕೂ ಆಟಗಾರರು ಎರಡು ಪಂಗಡವಾಗುತ್ತಾರೆ. 'ಬಂದೇ ಬರುತ್ತದೆ' ಎನ್ನುವವರದ್ದು ಒಂದು, 'ಬಂದಾಗ ನೋಡುವಾ' ಎನ್ನುವವರದ್ದು ಇನ್ನೊಂದು. ಡೇಟಾ ಪ್ಯಾಕ್ ಮುಗಿಯುತ್ತ ಬಂದಂತೆ ಮೊದಲ ಪಂಗಡದವರು ಒಬ್ಬೊಬ್ಬರೇ ಎರಡನೆಯದಕ್ಕೆ ಸೇರುವುದುಂಟು.

ಮನೆಯಲ್ಲಿ ಈ ಸುದ್ದಿ ಹೇಳುವುದೇ ಒಂದು ಸಾಹಸ.

"ಹೊಸ ಆಟ ಬತ್ತಡ ಅಜ್ಜ. ರಾಕ್ಷಸ್ರೂ ಇದ್ವಡ."

"ಹೌದನಾ ತಮಾ? ಭಾಗವತ್ರು ಯಾರಡ?"

"ಭಾಗವತ್ರು ಇಲ್ಲೆ. ಅಮಿತಾಭ್ ಬಚ್ಚನ್ ಇದ್ದ."

"ಅವಂಗೆ ತಾಳ ಬತ್ತಾ?"

ಮೊಮ್ಮಗನಲ್ಲಿ ಇದಕ್ಕೆ ಉತ್ತರವಿಲ್ಲ. ಹಾಗೆ ನೋಡಿದರೆ ಸಾವಿರಾರು ಜನ ಕೂಡಿ ಆಡುವ ಆನ್‌ಲೈನ್ ಆಟವನ್ನು ಅಜ್ಜನಿಗೆ ವಿವರಿಸುವುದು ಕಷ್ಟವೇನಲ್ಲ. ಒಂದು ವೇಷ ಆರಿಸಿಕೊಳ್ಳಬೇಕು, ಆಯುಧ ಹಿಡಿಯಬೇಕು, ಎಲ್ಲೆಲ್ಲಿಂದಲೋ ಬಂದ ಸಾವಿರಾರು ವೇಷಧಾರಿಗಳಿರುವ ಲೋಕಕ್ಕೆ ಇಳಿಯಬೇಕು. 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' 2010ರ ಹೊತ್ತಿಗೆ 1 ಕೋಟಿ 20 ಲಕ್ಷ ಚಂದಾದಾರರನ್ನು ಕೂಡಿಸಿಕೊಂಡಿತ್ತು. ಇಂಥ ಆಟಗಳಲ್ಲಿ ಯುದ್ಧಕ್ಕೆ ಮುಂಚೆ ಹುಬ್ಬು, ಮೀಸೆ, ಮೈಬಣ್ಣ, ಕಿರೀಟ ಆರಿಸುವುದಕ್ಕೇ ಗಂಟೆ ಹಿಡಿಯುತ್ತದೆ. ಚೌಕಿಯಲ್ಲಿ ಬಣ್ಣಕ್ಕೆ ಕೂತವರನ್ನು ಕಂಡ ಅಜ್ಜನಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಭಾಗವತರೇ ಇಲ್ಲದೆ ಅಷ್ಟು ಜನ ಹೇಗೆ ಕುಣಿಯುತ್ತಾರೆ ಎಂಬುದಷ್ಟೇ ಅವನ ತಕರಾರು. ವಾಸ್ತವದಲ್ಲಿ ಕುಣಿಯುವುದೂ ಇಲ್ಲ. ಅರ್ಧ ಜನ ಸುಮ್ಮನೆ ಸಂತೆಯಲ್ಲಿ ನಿಂತು ಕತ್ತಿ ಮಾರುತ್ತಿರುತ್ತಾರೆ.

ನಮ್ಮ ಪುರಾಣದ ಆಟ ಬೇಕೆಂಬ ಆಸೆಯ ಬೀಜ ಬಿತ್ತಿದವರು ಚೀನಾದವರು. ಅವರ ಪುರಾಣದ ಕಪಿವೀರನ ಕಥೆ 'ಬ್ಲ್ಯಾಕ್ ಮಿತ್: ವುಕಾಂಗ್' ಎಂಬ ಆಟವಾಗಿ 2024ರ ಆಗಸ್ಟ್ 20ರಂದು ಬಿಡುಗಡೆಯಾಯಿತು. ಮೂರೇ ದಿನಕ್ಕೆ 1 ಕೋಟಿ ಪ್ರತಿ ಖರ್ಚಾದವು. ಅವರ ಕಪಿಗೆ ಕೋಟಿಯಾದರೆ ನಮ್ಮ ಹನುಮಂತನಿಗೆ ಎಷ್ಟು ಎಂಬ ಲೆಕ್ಕ ಅಂದಿನಿಂದ ಶುರುವಾಗಿದೆ. ಪುಣೆಯ ಒಂದು ಸಣ್ಣ ತಂಡ 2020ರಲ್ಲಿಯೇ 'ರಾಜಿ' ಎಂಬ ಆಟದಲ್ಲಿ ಪುರಾಣದ ಅಸುರರನ್ನು ತಂದು ಭೇಷ್ ಎನಿಸಿಕೊಂಡಿತ್ತು. ಆದರೆ ಅದು ಒಬ್ಬರೇ ಕೂತು ಆಡುವಂಥದ್ದು. ಕರಾವಳಿಯವರಿಗೆ ಬೇಕಾದದ್ದು ಹತ್ತು ಜನ ಸೇರಿ ಗಲಾಟೆ ಮಾಡುವಂಥದ್ದು.

ಅಂಥ ಆಟಕ್ಕೆ ಬೇಕಾದ ನಕ್ಷೆ ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ತಾಲೂಕುಗಳಲ್ಲಿ ಸಿದ್ಧವಾಗಿಯೇ ಇದೆ. ರಾವಣ ಆತ್ಮಲಿಂಗ ಹೊತ್ತು ಲಂಕೆಗೆ ಹೊರಟ. ನೆಲಕ್ಕಿಟ್ಟರೆ ಕೆಲಸ ಕೆಟ್ಟಿತು ಎಂಬುದು ನಿಯಮ. ಸಂಧ್ಯಾವಂದನೆಯ ಹೊತ್ತಾಯಿತು. ದನ ಕಾಯುವ ಹುಡುಗನ ವೇಷದಲ್ಲಿದ್ದ ಗಣಪತಿ, ಮೂರು ಸಲ ಕೂಗುತ್ತೇನೆ, ಬಾರದಿದ್ದರೆ ಇಟ್ಟುಬಿಡುತ್ತೇನೆ ಎಂದು ಕೈಗೆ ತೆಗೆದುಕೊಂಡ. ಟೈಮರ್ ಇಟ್ಟು ಆಡಿಸುವ ಸವಾಲನ್ನು ಇದಕ್ಕಿಂತ ಚೆಂದವಾಗಿ ಯಾವ ಸ್ಟುಡಿಯೋ ಯೋಚಿಸಿದೆ? ರಾವಣ ಸೋತ. ಸಿಟ್ಟಿನಲ್ಲಿ ಕಿತ್ತೆಸೆದದ್ದೆಲ್ಲ ಹೋಗಿ ಬಿದ್ದು, ಕುಮಟಾ ತಾಲೂಕಿಗೆ ಗೋಕರ್ಣದ ಜೊತೆ ಧಾರೇಶ್ವರ, ಹೊನ್ನಾವರಕ್ಕೆ ಗುಣವಂತೆ, ಭಟ್ಕಳಕ್ಕೆ ಮುರ್ಡೇಶ್ವರ ಬಂತು. ಕಾರವಾರದ ಕಡೆಗೆ ಸಜ್ಜೇಶ್ವರ ಹೋಯಿತು. ಐದು ಕ್ಷೇತ್ರ, ಐದು ಹಂತ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಎಲ್ಲವನ್ನೂ ಮುಗಿಸಿ ಮನೆಗೂ ಬರಬಹುದು.

ಪುರಾಣ ಸಾಲದವರಿಗೆ ಇತಿಹಾಸವಿದೆ. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಹಾಗಾಗಿ ಆಟದ ನಾಣ್ಯ ಯಾವುದಿರಬೇಕು ಎಂಬ ಚರ್ಚೆ ಕುಮಟಾ, ಹೊನ್ನಾವರದಲ್ಲಿ ಬೇಗ ಮುಗಿಯುತ್ತದೆ, ಮೆಣಸು. ಅಘನಾಶಿನಿಯ ದಡದಲ್ಲಿ ಮಿರ್ಜಾನ್ ಕೋಟೆಯಿದೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಗೆ ನುಗ್ಗಿದಾಗ ಜೊತೆಗೆ ನಿಂತ ಹೊನ್ನಾವರದ ತಿಮ್ಮೋಜ ಇದ್ದಾನೆ. ನಾಯಕನೋ ಖಳನೋ ಎಂದು ಆಟಗಾರರೇ ತೀರ್ಮಾನಿಸಲಿ. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದು ಹೆಣ್ಣುಮಕ್ಕಳ 13, ಗಂಡುಮಕ್ಕಳ 23 ಶಾಲೆ ಕಂಡೆನೆಂದು ಬರೆದಿಟ್ಟ. ದಾರಿಯಲ್ಲಿ ಎದುರಾಗಿ ಸುಳಿವು ಕೊಟ್ಟು ಹೋಗುವ ಯಾತ್ರಿಕನ ಪಾತ್ರಕ್ಕೆ ಅವನಿಗಿಂತ ಹೊಂದುವವನಿಲ್ಲ.

ಇಷ್ಟೆಲ್ಲ ಆಸೆ ಇಟ್ಟುಕೊಂಡ ಇದೇ ಹುಡುಗರು ಬಿಡುಗಡೆಯ ದಿನಾಂಕ ಎಂದ ಕೂಡಲೇ ಹಳೇ ಕಕ್ಷಿದಾರರ ಹಾಗೆ ಮುಗುಳ್ನಗುತ್ತಾರೆ. ಅವರು ಕಂಡಷ್ಟು ಮುಂದೂಡಿಕೆಯನ್ನು ತಾಲೂಕು ಕೋರ್ಟೂ ಕಂಡಿರಲಿಕ್ಕಿಲ್ಲ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾಯಿತು. 2021ರ ಜುಲೈನಲ್ಲಿ ಬೇರೆ ಹೆಸರಲ್ಲಿ ಮರಳಿತು. 2022ರ ಜುಲೈನಲ್ಲಿ ಮತ್ತೆ ಮಾಯವಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ. ಪ್ರವೇಶ, ನಿರ್ಗಮನಗಳ ಈ ಪರಿ ಕೃಷ್ಣನಿಗೆ ಒಪ್ಪೀತು, ಗುಂಡು ಹೊಡೆಯುವ ಆಟಕ್ಕಲ್ಲ. ಫ್ರೀ ಫೈರ್‌ನದು ಇನ್ನೂ ರಸವತ್ತಾದ ಪ್ರಸಂಗ. 2022ರ ಫೆಬ್ರವರಿಯಲ್ಲಿ ನಿಷೇಧ. 2023ರ ಸೆಪ್ಟೆಂಬರ್ 5ಕ್ಕೆ 'ಫ್ರೀ ಫೈರ್ ಇಂಡಿಯಾ' ಎಂದು ಘೋಷಣೆ. ರಾಯಭಾರಿ ಸಾಕ್ಷಾತ್ ಧೋನಿ. ಹಿಂದಿನ ದಿನ, ಇನ್ನು ಕೆಲವೇ ವಾರ ತಾಳಿ ಎಂಬ ಪ್ರಕಟಣೆ ಬಂತು. ವಾರಗಳು ಕಳೆದವು, ವರ್ಷವೂ ಕಳೆಯಿತು. ಕೊನೆಯ ಓವರಿನವರೆಗೂ ಕಾಯಿಸುವುದು ಧೋನಿಯ ಅಭ್ಯಾಸವೇ ಎಂದು ಸಮಾಧಾನ ಮಾಡಿಕೊಂಡವರೂ ಇದ್ದರು.

ಹೊರದೇಶದ ಕಥೆಗಳು ಇದಕ್ಕಿಂತ ದೊಡ್ಡವು. ಮೂರು ಕೊಟ್ಟರೆ ಸಾಕು. 'ಕ್ಯಾಮೆಲಾಟ್ ಅನ್‌ಚೈನ್ಡ್' ಎಂಬ ಆಟ 2013ರಲ್ಲಿ ಜನರಿಂದ ಹಣ ಕೂಡಿಸಿ 2015ಕ್ಕೆ ಬರುತ್ತೇನೆಂದಿತ್ತು; ಹಣ ಕೊಟ್ಟ ಹುಡುಗರು ಗೃಹಸ್ಥರಾಗುವಷ್ಟು ಕಾಲ ಕಾದರು. 2021ರ ಸೆಪ್ಟೆಂಬರ್‌ನಲ್ಲಿ ಅಮೆಜಾನಿನ 'ನ್ಯೂ ವರ್ಲ್ಡ್' ಹಲವು ಸಲ ಮುಂದೂಡಿದ ಮೇಲೆ ಕೊನೆಗೂ ಬಂತು. ಬಾಗಿಲಲ್ಲಿ ಲಕ್ಷಾಂತರ ಜನ ಗಂಟೆಗಟ್ಟಲೆ ಸರದಿ ನಿಂತರು. ಮೂರನೆಯದು 'ಕ್ರಾನಿಕಲ್ಸ್ ಆಫ್ ಎಲಿರಿಯಾ'. 2016ರಲ್ಲಿ ಜನರಿಂದ 13 ಲಕ್ಷ ಡಾಲರಿಗೂ ಹೆಚ್ಚು ಎತ್ತಿದ ಈ ಆಟದವರು ಆಮೇಲೆ ಆಟದೊಳಗಿನ ರಾಜ್ಯಗಳನ್ನೇ ಮಾರಿದರು. ಕಾಸಿದ್ದವರು ರಾಜರಾದರು, ಡ್ಯೂಕರಾದರು, ಗಡಿ ಹಂಚಿಕೊಂಡು ಪ್ರಜೆಗಳನ್ನೂ ಗೊತ್ತುಮಾಡಿಕೊಂಡರು. 2020ರ ಮಾರ್ಚ್‌ನಲ್ಲಿ ಕಂಪನಿ ಕೆಲಸಗಾರರನ್ನು ಮನೆಗೆ ಕಳಿಸಿತು. ಹುಟ್ಟದೇ ಇದ್ದ ರಾಜ್ಯವನ್ನು ಕಳೆದುಕೊಂಡ ರಾಜರು ಪುರಾಣದಲ್ಲೂ ಸಿಗಲಾರರು. ಪಾಂಡವರು ಸೋತದ್ದು ಇದ್ದ ರಾಜ್ಯವನ್ನು.

ಆದ್ದರಿಂದ ದುಡ್ಡಿನ ಮಾತು ಬಂದಾಗ ಎಚ್ಚರ ಜಾಸ್ತಿ. 2020ರಲ್ಲಿ ಬಂದ 'ಗೆನ್‌ಶಿನ್ ಇಂಪ್ಯಾಕ್ಟ್' ಉಚಿತ ಆಟ. ಬೇಕಾದ ವೀರ ಮಾತ್ರ ಅದೃಷ್ಟದ ಚೀಟಿಯಲ್ಲಿ ಬರಬೇಕು. 90 ಸಲ ಎತ್ತುವುದರೊಳಗೆ ಒಬ್ಬ ಉತ್ತಮ ದರ್ಜೆಯವನು ಬಂದೇ ಬರುತ್ತಾನೆಂಬ ಖಾತ್ರಿಯಿದೆ. ನೀವು ಬಯಸಿದವನೇ ಬರುತ್ತಾನೆಂದು ಅರ್ಥವಲ್ಲ. ಡೇರೆ ಮೇಳದ ಟಿಕೆಟು ತೆಗೆದು ಒಳಗೆ ಹೋದ ಮೇಲೆ, ಕೃಷ್ಣನ ವೇಷ ನೋಡಬೇಕಾದರೆ ಇನ್ನೊಂದು ಚೀಟಿ ಎತ್ತಿ ಎಂದಿದ್ದರೆ ಕುಮಟಾದವರು ಡೇರೆಯ ಗೂಟವನ್ನು ಬಿಡುತ್ತಿದ್ದರೇ? 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಗೆಲ್ಲುವ ಆನ್‌ಲೈನ್ ಆಟಗಳನ್ನು ಕಾನೂನು ಮಾಡಿ ನಿಷೇಧಿಸಿದಾಗ ಅಪ್ಪಂದಿರು ಎಲ್ಲ ಆಟಗಳೂ ತೊಲಗಿದವು ಎಂದೇ ನಂಬಿದ್ದರು. ಹಣ ಕಟ್ಟಿ ಏನನ್ನೂ ಗೆಲ್ಲದ ಆಟಗಳು ಆ ನಿಷೇಧಕ್ಕೆ ಸಿಗುವುದಿಲ್ಲ ಎಂಬುದನ್ನು ಮಕ್ಕಳು ವಿವರಿಸಿ ಹೇಳಲಿಲ್ಲ.

ಭಟ್ಕಳದ ಹುಡುಗರ ಚಿಂತೆ ಬೇರೆ. ಅರ್ಧ ಬಳಗ ದುಬೈಯಲ್ಲಿದೆ. ಗೆನ್‌ಶಿನ್‌ನಲ್ಲಿ ಒಂದು ಸರ್ವರಿನವರು ಇನ್ನೊಂದು ಸರ್ವರಿನವರ ಜೊತೆ ಆಡುವಂತಿಲ್ಲ. ಚಿಕ್ಕಪ್ಪನ ಮಗ ಅಲ್ಲಿ ಯುರೋಪ್ ಆರಿಸಿ, ಇವನು ಇಲ್ಲಿ ಏಷ್ಯಾ ಆರಿಸಿದರೆ ಇಬ್ಬರೂ ಒಂದೇ ರಾಕ್ಷಸನನ್ನು ಬೇರೆಬೇರೆ ಕೊಲ್ಲುತ್ತ ಕೂರಬೇಕು. ಈದ್‌ಗೆ ಊರಿಗೆ ಬಂದು ಪಕ್ಕದಲ್ಲೇ ಬಿರಿಯಾನಿಗೆ ಕೂತರೂ ಆಟದಲ್ಲಿ ಭೇಟಿಯಿಲ್ಲ. ಹೊಸ ಆಟದ ಕಥೆ ಹೇಗಿದೆ, ಚಿತ್ರ ಹೇಗಿದೆ ಎಂದು ಇವರು ಕೇಳುವುದಿಲ್ಲ. ಸರ್ವರ್ ಎಲ್ಲಿ ಎಂದು ಕೇಳುತ್ತಾರೆ. ಘಟ್ಟದ ಬುಡದ ಹಳ್ಳಿಗಳವರ ಪ್ರಶ್ನೆ ಇನ್ನೂ ಸರಳ: ಆಷಾಢದ ಮಳೆಯಲ್ಲಿ ಕರೆಂಟು ಹೋದರೆ ನಮ್ಮ ವೀರ ಯುದ್ಧದ ಮಧ್ಯೆ ಎಲ್ಲಿ ನಿಲ್ಲುತ್ತಾನೆ?

ಈ ಅನುಮಾನಗಳನ್ನು ಕೇಳಿದರೆ ಅಜ್ಜ ನಗುತ್ತಾನೆ. ಡೇರೆ ಮೇಳದವರು ವರ್ಷವೂ ಹೊಸ ಪ್ರಸಂಗ ತರುತ್ತಾರೆ. ಬಸ್‌ಸ್ಟ್ಯಾಂಡಿನ ಗೋಡೆಗೆ ಪೋಸ್ಟರ್ ಬಿದ್ದ ದಿನವೇ ಬನ್ಸ್ ತಿನ್ನುತ್ತ ಕೂತವರು ಇದೇ ತಕರಾರು ತೆಗೆಯುತ್ತಾರೆ: ಕಥೆ ಸಿನಿಮಾದಿಂದ ಎತ್ತಿದ್ದು, ಪದ್ಯದಲ್ಲಿ ಜೀವವಿಲ್ಲ, ಬೆಳಕು ಜಾಸ್ತಿ ರಾಕ್ಷಸ ಕಮ್ಮಿ. ಹಾಗೆಂದು ಆಟದ ದಿನ ಇವರು ಮನೆಯಲ್ಲಿ ಉಳಿದದ್ದಿಲ್ಲ. ಮೊಮ್ಮಕ್ಕಳೂ ಅಷ್ಟೇ, ಇದು ಬರುವುದಿಲ್ಲ ಎಂದು ಬಾಜಿ ಕಟ್ಟುವವನೇ ಎಲ್ಲರಿಗಿಂತ ಮೊದಲು ಹೆಸರು ನೋಂದಾಯಿಸಿ, ಫೋನಿನಲ್ಲಿ ಜಾಗ ಸಾಲದೆಂದು ಅಕ್ಕನ ಮದುವೆಯ ಫೋಟೋ ಅಳಿಸುವವನು.

ಆಟ ಕಟ್ಟುವವರಲ್ಲಿ ಇಲ್ಲಿಯವರ ಪರವಾಗಿ ಒಂದು ವಿನಂತಿ. ರಾಕ್ಷಸನಿಗೆ ಕೋರೆಹಲ್ಲು ಎಷ್ಟು, ಕೊಂಬು ಎಷ್ಟು ಎಂದು ಕಂಪ್ಯೂಟರ್ ಮುಂದೆ ಕೂತು ತಲೆ ಕೆಡಿಸಿಕೊಳ್ಳುವ ಮೊದಲು ಒಂದು ರಾತ್ರಿ ಹೊನ್ನಾವರದ ಕಡೆ ಬಂದು ಹೋಗಿ. ಅವನು ರಂಗಕ್ಕೆ ಬರುವ ಮುಂಚೆ ಚಂಡೆ ಹೇಗೆ ಅವನ ಸುದ್ದಿ ತರುತ್ತದೆ ಕೇಳಿ. ಮೇಳಗಳು ದೀಪಾವಳಿಯ ಹೊತ್ತಿಗೆ ಹೊರಟು ಮೇ ತಿಂಗಳವರೆಗೆ ತಿರುಗುತ್ತವೆ. ಬರುವುದಾದರೆ ಅಷ್ಟರೊಳಗೆ ಬನ್ನಿ. ಮಳೆಗಾಲದಲ್ಲಿ ಬಂದರೆ ಇಲ್ಲಿ ತಾಳಮದ್ದಳೆಯ ಕಾಲ. ರಾಕ್ಷಸನೂ ಪಂಚೆ ಉಟ್ಟು, ಶಾಲು ಹೊದ್ದು, ಚಾಪೆಯ ಮೇಲೆ ಕೂತು ವಾದ ಮಾಡುತ್ತಿರುತ್ತಾನೆ.