ನೌಕರಪ್ರತಿಕ್ರಿಯಾ ಮೀಮಾಂಸೆ

ಕೆಲಸದ ಪರಿಸ್ಥಿತಿಯನ್ನು ಆಡಳಿತವರ್ಗವು ಬದಲಿಸಿದಾಗ ನೌಕರನು ಏನು ಮಾಡುವನೆಂಬುದನ್ನು, ಅವನೊಬ್ಬನನ್ನು ಬಿಟ್ಟು ಉಳಿದೆಲ್ಲರನ್ನೂ ವಿಚಾರಿಸಿ, ಮುಂಚಿತವಾಗಿ ನಿರ್ಣಯಿಸುವ ವಿದ್ಯೆಗೆ ನೌಕರಪ್ರತಿಕ್ರಿಯಾಶಾಸ್ತ್ರವೆಂದು ಹೆಸರು. ಇಲ್ಲಿ ‘ಪರಿಸ್ಥಿತಿ’ ಎಂದರೆ ಬೆಳಕು, ಗಾಳಿ, ವಿರಾಮ, ಕುರ್ಚಿ ಮೊದಲಾದ, ಸಂಬಳವಲ್ಲದ ಸಕಲ ಪದಾರ್ಥಗಳು. ಸಂಬಳವನ್ನೂ ಸೇರಿಸಿಕೊಂಡರೆ ಉತ್ತರವು ಪ್ರಯೋಗಕ್ಕೆ ಮೊದಲೇ ತಿಳಿದುಬಿಡುವುದರಿಂದ ಅದನ್ನು ಬದಿಗಿಡುವುದು ಶಾಸ್ತ್ರಮರ್ಯಾದೆ.

ಈ ಶಾಸ್ತ್ರದ ಆದಿಕ್ಷೇತ್ರವು ಷಿಕಾಗೋ ಬಳಿಯ ಸಿಸೆರೋದಲ್ಲಿದ್ದ, ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ. 1924ರಿಂದ ಅಲ್ಲಿ ನಡೆದ ಪ್ರಯೋಗಗಳ ಪ್ರಸಿದ್ಧ ವೃತ್ತಾಂತದಂತೆ, ದೀಪ ಹೆಚ್ಚಿಸಿದಲ್ಲಿ ಉತ್ಪಾದನೆ ಹೆಚ್ಚಿತು, ದೀಪವನ್ನು ಮುಟ್ಟದಲ್ಲಿಯೂ ಹೆಚ್ಚಿತು, ಕಡೆಗೆ ಬೆಳದಿಂಗಳಷ್ಟೇ ಬೆಳಕು ಉಳಿದಾಗಲೂ ಇಬ್ಬರು ಹೆಣ್ಣುಮಕ್ಕಳು ಮೊದಲಿನಂತೆಯೇ ದುಡಿದರು. ಪ್ರತಿ ಕಾರ್ಖಾನೆಗೂ ಒಂದೊಂದು ಹುಣ್ಣಿಮೆಯನ್ನು ಮಂಜೂರು ಮಾಡಬೇಕೆಂದು ಆಗ ಯಾವ ಪಂಡಿತನೂ ವಾದಿಸದೆ ಹೋದದ್ದು ಶಾಸ್ತ್ರಕ್ಕಾದ ನಷ್ಟ. 1927ರಲ್ಲಿ ಐವರು ಯುವತಿಯರನ್ನು ಪ್ರತ್ಯೇಕ ಕೊಠಡಿಯಲ್ಲಿ ರಿಲೇ ಜೋಡಿಸಲು ಕೂರಿಸಿ, ವಿರಾಮವನ್ನೂ ತಿಂಡಿಯನ್ನೂ ಕೊಟ್ಟು, ಕೊಟ್ಟದ್ದನ್ನು ಹಿಂತೆಗೆದುಕೊಂಡರೂ ಉತ್ಪಾದನೆ ಮೇಲ್ಮಟ್ಟದಲ್ಲೇ ನಿಂತಿತು. (ಅವರ ಕೂಲಿಯನ್ನು ಆ ಪುಟ್ಟ ಗುಂಪಿನ ಉತ್ಪಾದನೆಗೇ ಕಟ್ಟಲಾಗಿತ್ತೆಂಬ ಸಂಗತಿಯು ಮೇಲೆ ಹೇಳಿದ ಮರ್ಯಾದೆಯ ಕಾರಣ ಆವರಣದೊಳಗೇ ಇರತಕ್ಕದ್ದು.) ತನ್ನನ್ನು ಯಾರೋ ಗಮನಿಸುತ್ತಿರುವರೆಂಬ ಅರಿವಿನಿಂದ ನಡತೆ ಬದಲಾಗುವ ಈ ವಿದ್ಯಮಾನವು ‘ಹಾಥಾರ್ನ್ ಪರಿಣಾಮ’ವೆಂದು ಪಠ್ಯಪುಸ್ತಕಗಳನ್ನು ಸೇರಿತು. ದೀಪಪ್ರಯೋಗದ ಹಳೆಯ ಅಂಕಿಅಂಶಗಳನ್ನು ಹುಡುಕಿ ತೆಗೆದ ಲೆವಿಟ್ ಮತ್ತು ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು, ವೃತ್ತಾಂತದಲ್ಲಿ ಹೇಳಿದಂಥ ಪವಾಡ ಅಲ್ಲಿ ಕಾಣುವುದಿಲ್ಲವೆಂದು 2011ರಲ್ಲಿ ಪ್ರಕಟಿಸಿದರಾದರೂ, ಪಠ್ಯಪುಸ್ತಕಕ್ಕೆ ಸೇರಿದ ಸಿದ್ಧಾಂತವು ಕಾಯಂ ಆದ ನೌಕರನಂತೆ ನಿವೃತ್ತಿಯವರೆಗೆ ಅಲುಗುವುದಿಲ್ಲ.

ಪೂರ್ವಾಚಾರ್ಯರು ಎಣಿಸದೆ ಹೋದದ್ದೆಂದರೆ, ಆಡಳಿತವರ್ಗವು ಏನು ಮಾಡೀತೆಂದು ನೌಕರನೂ ಗುಣಿಸುತ್ತಿರುತ್ತಾನೆ ಎಂಬುದು. ಇದಕ್ಕೆ ಪ್ರಮಾಣ, 1931ರ ನವೆಂಬರ್‌ನಿಂದ ಅದೇ ಕಾರ್ಖಾನೆಯಲ್ಲಿ ಸಂಶೋಧಕರ ಕಣ್ಣೆದುರೇ ತಂತಿ ಜೋಡಿಸುತ್ತಿದ್ದ ಹದಿನಾಲ್ಕು ಗಂಡಸರ ಕೊಠಡಿ. ಹೆಚ್ಚು ಮಾಡಿದರೆ ದರ ಇಳಿದೀತು, ಇಲ್ಲವೇ ಯಾರಾದರೂ ಕೆಲಸ ಕಳೆದುಕೊಂಡಾರು ಎಂದು ಲೆಕ್ಕ ಹಾಕಿದ ಇವರು, ದಿನಕ್ಕೆ ಇಷ್ಟೇ ಕೆಲಸವೆಂದು ತಮ್ಮೊಳಗೇ ಗೊತ್ತುಮಾಡಿಕೊಂಡು, ಅದನ್ನು ಮೀರಿದ ಉತ್ಸಾಹಿಯ ತೋಳಿಗೆ ಒಂದು ಗುದ್ದು ಕೊಡುವ ದಂಡನೀತಿಯನ್ನೂ ಬಳಕೆಗೆ ತಂದಿದ್ದರು. ಈ ಗುದ್ದಿಗೆ ಅಲ್ಲಿ ‘ಬಿಂಗಿಂಗ್’ ಎಂದು ಹೆಸರಿತ್ತು. ಮಹಾ ಆರ್ಥಿಕ ಕುಸಿತದಿಂದ ಕೆಲಸವೇ ಸಾಲದೆ 1932ರ ಮೇ ತಿಂಗಳಲ್ಲಿ ಆ ಕೊಠಡಿಯ ಅಧ್ಯಯನವು ನಿಂತುಹೋಯಿತು. ಆದ್ದರಿಂದ ಹಾಥಾರ್ನಿನಲ್ಲಿ ಮುಂದಾಗುವುದನ್ನು ಸರಿಯಾಗಿ ಊಹಿಸಿದವರು ಯಾರು ಎಂಬ ವಿವಾದದಲ್ಲಿ ತೀರ್ಪು ತಂತಿ ಜೋಡಿಸುವವರ ಕಡೆಗೇ ಹೋಗತಕ್ಕದ್ದು.