ಗ್ಲಾಸ್-ಗುಂಡಿ ಮೀಮಾಂಸೆ

ಕಾರಿನ ಗಾಜು ಏರುವುದು ಕ್ರಿಯೆ. ಏರಿಸಿದವರು ಯಾರೆಂಬುದು ವಾದ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲ್ಲೂಕುಗಳಲ್ಲಿ ಆ ವಾದ ಇನ್ನೂ ಇತ್ಯರ್ಥವಾಗಿಲ್ಲ. ಗಾಜಿಗೆ ಯಂತ್ರಬಲ ಬಂದ ಕಾಲವಾದರೆ ಗೊತ್ತಿದೆ: ಅಮೆರಿಕದ ಪ್ಯಾಕರ್ಡ್ ಕಂಪನಿ, 1941ರ 180 ಮಾದರಿ. ನಮ್ಮ ಸೀಮೆಯಲ್ಲಿ ಅದು ಚಕ್ಕಡಿಯುಗ. ಚಕ್ಕಡಿಗೆ ಕಿಟಕಿಯೇ ಇಲ್ಲದ್ದರಿಂದ ಅದರಲ್ಲಿ ಬೆರಳು ಸಿಕ್ಕ ದಾಖಲೆಯೂ ಇಲ್ಲ.

ಮುಂದಿನದು ಹ್ಯಾಂಡಲ್ ಯುಗ: ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800. ಗಾಜಿನ ಅಂಚಿಗೆ ಏನಾದರೂ ಸಿಕ್ಕರೆ ತಿರುವುವ ಕೈಗೇ ಬಿಗಿ ತಿಳಿಯುತ್ತಿತ್ತು, ಕೈ ತಾನೇ ನಿಲ್ಲುತ್ತಿತ್ತು. ರೋಣ ತನ್ನವರೆಂದು ಹೆಮ್ಮೆಪಡುವ ಭೀಮಸೇನ ಜೋಶಿಯವರಿಗೆ ಕಾರಿನ ಹುಚ್ಚು ಜೋರಾಗಿತ್ತು. ದೂರದ ಕಛೇರಿಗಳಿಗೂ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಅವರ ತಾನಗಳಿಗೂ ಹ್ಯಾಂಡಲ್ ತಿರುವುವುದಕ್ಕೂ ನಂಟು ಕಲ್ಪಿಸಿ ಯಾರಾದರೂ ಪಿಎಚ್‌.ಡಿ. ಪಡೆದರೆ ಅದಕ್ಕೆ ಈ ಪ್ರಬಂಧ ಹೊಣೆಯಲ್ಲ.

ಈಗ ಗುಂಡಿಯುಗ. ಇಲ್ಲಿ ಪಂಥಗಳು ಹಲವು. ಬಾಗಿಲ ಪಂಥದವರು ಗುಂಡಿಯನ್ನು ಬಾಗಿಲಿನ ತೋಳ್ಪಟ್ಟಿಯ ಮೇಲೆ ಇಡುತ್ತಾರೆ. ಗೇರ್ ಪಂಥದ ಬೊಲೆರೊ ಅದನ್ನು ಮುಂದಿನ ಎರಡು ಸೀಟುಗಳ ನಡುವೆ ಸ್ಥಾಪಿಸಿದೆ. ಡ್ಯಾಶ್‌ಬೋರ್ಡ್ ಪಂಥದ ಕ್ವಿಡ್‌ನಲ್ಲಿ ಅದು ಎದುರಿಗೇ, ನಟ್ಟನಡುವೆ. ಜರುಗಿಸುವ ಗಾಜಿನ ಹಳೆಯ ಕ್ರೂಸರ್ ಮಾತ್ರ ಗುಂಡಿಯ ಅಸ್ತಿತ್ವವನ್ನೇ ಒಪ್ಪದ ಚಾರ್ವಾಕ. ಮದುವೆ ದಿಬ್ಬಣಕ್ಕೆ ಹೊರಟ ಬೊಲೆರೊದಲ್ಲಿ ಮುಂದಿನ ಎರಡು ಸೀಟಿಗೆ ಮೂವರು ಕೂತರೆ ಆ ನಡುವಿನವನ ಮೊಣಕಾಲೇ ಗಾಜುಗಳ ಅಧಿಪತಿ. “ಏ ತಮ್ಮಾ, ಗ್ಲಾಸ್ ಯಾಕ ಏರಸ್ತಿ?” ಎಂದು ಹಿಂದಿನಿಂದ ಕೂಗಿದರೆ, ತಮ್ಮನಿಗೆ ತಾನು ಏರಿಸಿದ್ದೇ ಗೊತ್ತಿರುವುದಿಲ್ಲ.

ನಗುವ ವಿಷಯ ಇಷ್ಟಕ್ಕೇ ಮುಗಿಯುತ್ತದೆ. ನರಗುಂದದ ರಸ್ತೆ ಬದಿಗೆ ಕಾರು ನಿಂತಿದೆ ಎಂದು ಊಹಿಸಿ. ಹಾಡು ನಿಲ್ಲಬಾರದೆಂದು ಕೀಲಿ ಆನ್ ಇಟ್ಟೇ ಅಪ್ಪ ಮಿರ್ಚಿ, ಗಿರ್ಮಿಟ್ ತರಲು ಇಳಿದಿದ್ದಾನೆ. ಕೀಲಿ ಆನ್ ಇದ್ದರೆ ಗುಂಡಿಗೂ ಕರೆಂಟಿದೆ. ನಾಲ್ಕು ವರ್ಷದ ಮಗಳು ತೋಳ್ಪಟ್ಟಿಯ ಮೇಲೆ ಮೊಣಕಾಲೂರಿ, ಕಿಟಕಿಯಿಂದ ತಲೆ ಹೊರಹಾಕಿ, “ಅಪ್ಪಾ, ನನಗೂ ಒಂದು” ಎನ್ನುತ್ತಾಳೆ. ಗುಂಡಿ ಒತ್ತಿದರೆ ಏರುವ ಜಾತಿಯದಾದರೆ, ಅವಳ ಮೊಣಕಾಲು ಒತ್ತುತ್ತಿರುವುದು ಅದನ್ನೇ. ಗಾಜು ಏರುವುದು ಅವಳ ಕುತ್ತಿಗೆಗೇ.

ಅಮೆರಿಕದಲ್ಲಿ ಮಕ್ಕಳು ಸತ್ತದ್ದು ಹೀಗೆಯೇ. ತೂಗುವ ಗುಂಡಿ ಒಂದು ತುದಿ ಒತ್ತಿದರೆ ಗಾಜು ಇಳಿಸುತ್ತದೆ, ಇನ್ನೊಂದು ತುದಿ ಒತ್ತಿದರೆ ಏರಿಸುತ್ತದೆ. ಒತ್ತಿದ್ದು ಬೆರಳೋ ಮೊಣಕಾಲೋ ಎಂದು ಕೇಳುವುದಿಲ್ಲ. ಹಾಗಾಗಿ 2004ರಲ್ಲಿ ಅಲ್ಲಿನ 118ನೇ ಸುರಕ್ಷಾ ಮಾನದಂಡಕ್ಕೆ ಮಗುವಿನ ಮೊಣಕಾಲಿನ ಸ್ಥಾನದಲ್ಲಿ ಒಂದು ಉಕ್ಕಿನ ಗುಂಡನ್ನು ತಂದರು. ಅದರ ತ್ರಿಜ್ಯ 20 ಮಿಲಿಮೀಟರ್. ಸುಮಾರು 14 ಕಿಲೋ ಭಾರಕ್ಕೆ ಸಮನಾದ 135 ನ್ಯೂಟನ್ ಬಲದಿಂದ ಒತ್ತಿದರೂ ಗಾಜು ಏರಕೂಡದು. 2005ರ ಕಾಯ್ದೆ ಇನ್ನೂ ಮುಂದೆ ಹೋಯಿತು: ಗಾಜು ಏರಬೇಕಾದರೆ ಗುಂಡಿಯನ್ನು ಬೆರಳಿನಿಂದ ಮೇಲಕ್ಕೆ ಎಳೆಯಬೇಕು. ಮೊಣಕಾಲಿಗೆ ಒತ್ತುವುದಷ್ಟೇ ಗೊತ್ತು, ಎಳೆಯುವುದು ಗೊತ್ತಿಲ್ಲ. ಗ್ಲಾಸ್-ಗುಂಡಿ ಶಾಸ್ತ್ರದಲ್ಲಿ ಇದಕ್ಕಿಂತ ಸರಳ, ಇದಕ್ಕಿಂತ ಅಗ್ಗದ ಸಿದ್ಧಾಂತ ಇಲ್ಲ.

ಎರಡನೆಯ ಸಿದ್ಧಾಂತ ತುಸು ದುಬಾರಿ. ಬೆರಳು ಸಿಕ್ಕರೆ ಗಾಜೇ ಅರಿತು ಹಿಂದೆ ಸರಿಯುವುದು. ವಿಶ್ವಸಂಸ್ಥೆಯ 21ನೇ ವಾಹನ ನಿಯಮದ ಪ್ರಕಾರ, 4ರಿಂದ 200 ಮಿಲಿಮೀಟರ್ ಸಂದಿಯಲ್ಲಿ ಒತ್ತಡ 100 ನ್ಯೂಟನ್ ದಾಟುವ ಮೊದಲೇ ಅಂಥ ಗಾಜು ಇಳಿಯತೊಡಗಬೇಕು. ಮೋಟರಿನ ಸುತ್ತುಗಳನ್ನು ಒಂದು ಸೆನ್ಸರ್ ಎಣಿಸುತ್ತಿರುತ್ತದೆ. ಸುತ್ತು ನಿಧಾನವಾಯಿತೋ, ಏನೋ ಅಡ್ಡ ಬಂದಿದೆ ಎಂದು ತೀರ್ಮಾನಿಸುತ್ತದೆ. ಆದರೆ ಈ ಸೌಲಭ್ಯ ಹಲವು ಕಾರುಗಳಲ್ಲಿ ಚಾಲಕನ ಗಾಜಿಗೆ ಮಾತ್ರ. ಮಕ್ಕಳು ಕೂರುವುದು ಹಿಂದೆ ಎಂಬ ವಾರ್ತೆ ತಯಾರಕರಿಗೆ ಇನ್ನೂ ಮುಟ್ಟಿದಂತಿಲ್ಲ.

ಇಲ್ಲಿ ಎರೆಮಣ್ಣು ಪೂರ್ವಪಕ್ಷ ಎತ್ತುತ್ತದೆ. ಬೇಸಿಗೆಯ ಧೂಳು ರಬ್ಬರ್ ಬೀಡಿಂಗಿನೊಳಗೆ ಸೇರಿ ಗಾಜನ್ನು ಬಿಗಿಹಿಡಿದರೆ, ಯಾರ ಬೆರಳೂ ಇಲ್ಲದಿದ್ದರೂ ಏರಿದ ಗಾಜು ಇಳಿಯುತ್ತದೆ. ವೇದಾಂತದಲ್ಲಿ ಹಗ್ಗವನ್ನು ಹಾವೆಂದು ಕಂಡವನ ಹಾಗೆ ಧೂಳನ್ನು ಬೆರಳೆಂದು ಕಂಡ ಭ್ರಮೆ ಇದು. “ಕಾರಿಗಿ ಏನೂ ಆಗಿಲ್ರಿ, ಬೀಡಿಂಗ್ ಸ್ವಚ್ಛ ಮಾಡಸ್ರಿ” ಎಂಬ ಮೆಕ್ಯಾನಿಕ್ಕನ ಉತ್ತರ ಶಂಕರಭಾಷ್ಯಕ್ಕಿಂತ ಚಿಕ್ಕದು, ಅಷ್ಟೇ ಸರಿಯಾದದ್ದು.

ಉಳಿದದ್ದು ಲಾಕ್ ಗುಂಡಿ. ಚಾಲಕ ಅದನ್ನೊತ್ತಿದರೆ ಹಿಂದಿನ ಗುಂಡಿಗಳೆಲ್ಲ ಸತ್ತಂತೆ. ಮಕ್ಕಳಿದ್ದಾಗ ಒತ್ತಿಡಬೇಕೆಂಬುದರಲ್ಲಿ ಶಾಸ್ತ್ರಕಾರರಿಗೆ ಭಿನ್ನಮತವಿಲ್ಲ. ಮೊಮ್ಮಗಳ ಪಕ್ಕದಲ್ಲಿ ಎಲೆ-ಅಡಿಕೆ ಮೆಲ್ಲುವ ಅಜ್ಜಿಯೂ ಇದ್ದರೆ ಏನು ಮಾಡಬೇಕೆಂದು ಮಾತ್ರ ಯಾವ ಮಾನದಂಡವೂ ಹೇಳಿಲ್ಲ. ಬಾಯಿ ತುಂಬಿದವರು “ಲಾಕ್ ತಗಿಯೋ” ಎನ್ನಲಾರರು. ಚಾಲಕನ ಹೆಗಲಿಗೆ ತಿವಿಯುತ್ತಾರೆ. ಅವನು ಗಾಬರಿಯಲ್ಲಿ ತನ್ನ ಬಾಗಿಲಿನ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತುತ್ತಾನೆ. ಇಳಿಯುವುದು ಮೊಮ್ಮಗಳ ಕಡೆಯ ಗಾಜು. ಎರಡನೆಯ ಯತ್ನಕ್ಕೆ ಅಜ್ಜಿಯ ಗಾಜು ಇಳಿಯಿತೆನ್ನಿ. ನರೇಗಲ್ ದಾಟಿ ಗಜೇಂದ್ರಗಡ ಸಮೀಪಿಸಿದ್ದರೆ, ಉಗುಳುವ ಮೊದಲು ಗುಡ್ಡದ ಮೇಲಿನ ಗಾಳಿಯಂತ್ರಗಳು ಯಾವ ಕಡೆಗೆ ಮುಖ ಮಾಡಿವೆ ಎಂದು ನೋಡಿಕೊಳ್ಳುವುದು ಅವರಿಗೇ ಬಿಟ್ಟದ್ದು.