ನಿಮ್ಮ ಅಟ್ಟದಲ್ಲಿ ಗ್ಯಾಸ್‌ಲೈಟು ಉಂಟಾ?

ನಿಮಗೆ ಕೇಳಿದ್ದು ಕುಕ್ಕರಿನ ಸದ್ದಲ್ಲ ಮಾರಾಯ್ರೆ, ಗ್ಯಾಸ್‌ಲೈಟಿನದ್ದು. ನಿನ್ನೆ ಕರೆಂಟು ಹೋದಾಗ ಜಗಲಿಯಲ್ಲಿ ಹೊತ್ತಿಸಿದ್ದೆ. ಬೇಲಿ ಹತ್ತಿರ ಬನ್ನಿ, ತೋರಿಸ್ತೇನೆ. ಈ ಹಿತ್ತಾಳೆ ಟ್ಯಾಂಕಿನ ಮೇಲಿನ ಮುದ್ರೆ ಓದಿ: ಪೆಟ್ರೋಮ್ಯಾಕ್ಸ್, ಜರ್ಮನಿ. ನಮ್ಮ ಕಡೆ ಗಾಳಿ ಹಾಕಿ ಉರಿಸುವ ದೀಪ ಯಾವುದಾದರೂ ಪೆಟ್ರೋಮ್ಯಾಕ್ಸೇ. ಅಸಲಿನದ್ದು ಮಾತ್ರ ಬರ್ಲಿನ್ನಿನ ಎಹ್ರಿಶ್ ಮತ್ತು ಗ್ರೇಟ್ಸ್ ಕಾರ್ಖಾನೆಯದ್ದು, 1910ರ ಸುಮಾರಿಗೆ ಮ್ಯಾಕ್ಸ್ ಗ್ರೇಟ್ಸ್ ಹೊರತಂದದ್ದು.

ಅಪರೂಪದ್ದು ಅಂದ್ರೆ ಹಳೆಯದ್ದು ಅಂತ ತಿಳ್ಕೊಳ್ಳುವವರೇ ಹೆಚ್ಚು. ಹಾಗಲ್ಲ. 500 ಕ್ಯಾಂಡಲಿನ ದೊಡ್ಡ ಲೈಟು ಗುಜರಿಯಲ್ಲಿ ಈಗಲೂ ಸಿಗ್ತದೆ, ಯಾಕಂದ್ರೆ ದಿಬ್ಬಣಕ್ಕೆ, ಬಯಲಾಟಕ್ಕೆ ಬಾಡಿಗೆಗೆ ಹೋಗ್ತಿದ್ದದ್ದು ಅದೇ. ಚಿಕ್ಕ ಲೈಟು ಸಿಗುವುದು ಕಷ್ಟ. ಅದಕ್ಕಿಂತ ಕಷ್ಟ, ಎಲ್ಲ ಭಾಗವೂ ಒಂದೇ ಲೈಟಿನದ್ದಾಗಿರುವುದು. ಬಾಡಿಗೆಯವರು ಒಂದರ ಟೊಪ್ಪಿ ಇನ್ನೊಂದಕ್ಕೆ ಇಟ್ಟು, ಜರ್ಮನಿಯ ಟ್ಯಾಂಕಿಗೆ ಎಲ್ಲಿಯದೋ ಪಂಪು ಕೂರಿಸ್ತಿದ್ದರು. ಅವರಿಗೆ ರಾತ್ರಿ ಬೆಳಗಾಗುವವರೆಗೆ ಬೆಳಕು ಬೇಕಿತ್ತಲ್ಲ! ನನಗಂತೂ ಅಂಥ ಬೆರಕೆ ಲೈಟಿನ ಮೇಲೆ ಪ್ರೀತಿ ಜಾಸ್ತಿ. ದುಡಿದು ಸವೆದದ್ದು ಅವು.

ಸ್ವೀಡನ್ನಿನ ಆಪ್ಟಿಮಸ್, ರೇಡಿಯಸ್, ಇಂಗ್ಲೆಂಡಿನ ಟಿಲ್ಲಿ, ಇವನ್ನೆಲ್ಲ ಹುಡುಕುವವರು ಉಂಟು. ಲೈಪ್‌ಜಿಗ್ಗಿನ ಹಾಸಾಗ್ ಲೈಟಿಗೂ ಗಿರಾಕಿಗಳುಂಟು. ಆದರೆ ಎರಡನೇ ಮಹಾಯುದ್ಧದಲ್ಲಿ ಆ ಕಂಪನಿ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಯಹೂದಿ ಕೈದಿಗಳನ್ನು ಸಾಯುವವರೆಗೆ ದುಡಿಸಿಕೊಂಡದ್ದು. ಅದನ್ನು ತಿಳಿಯದೆ ಆ ದೀಪವನ್ನು ಚಂದ ಅಂತ ಕಪಾಟಿನಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ಇದನ್ನು ನೋಡಿ, ಮ್ಯಾಂಟಲ್. ಹೊಸದರಲ್ಲಿ ಮೆತ್ತನೆಯ ಬಟ್ಟೆ ಚೀಲ. ಬರ್ನರಿಗೆ ನೂಲಿನಲ್ಲಿ ಬಿಗಿದು ಸುಟ್ಟರೆ ಬಟ್ಟೆ ಹೋಗಿ ಬಿಳಿ ಬೂದಿಯ ಬಲೆಯೊಂದೇ ಉಳೀತದೆ. ಬೆರಳು ತಾಗಿದರೆ ಪುಡಿ. ಬೆಳಕು ಕೊಡುವುದು ಆ ಬೂದಿಯೇ! ಮೊದಲು ಸ್ಪಿರಿಟ್ ಉರಿಸಿ ಕೊಳವೆ ಕಾಯಿಸಬೇಕು. ಪಂಪಿನ ಒತ್ತಡಕ್ಕೆ ಮೇಲೇರಿದ ಸೀಮೆಎಣ್ಣೆ ಅಲ್ಲಿ ಆವಿಯಾಗಿ, ಗಾಳಿ ಸೇರಿಕೊಂಡು, ಮೇಲಿನಿಂದ ಮ್ಯಾಂಟಲ್ಲಿಗೆ ಇಳೀತದೆ. ಆಮೇಲೆ ಕೊಳವೆಗೆ ಮ್ಯಾಂಟಲ್ಲಿನ ಬಿಸಿಯೇ ಸಾಕು. ಅವಸರ ಮಾಡಿದರೆ ಎಣ್ಣೆ ಹಸಿಹಸಿಯಾಗಿ ಹೊರಬಂದು ಭಗ್ಗನೆ ಹೊತ್ತಿಕೊಳ್ತದೆ.

ಆ ಬೂದಿಯ ಹದ ಕಂಡುಹಿಡಿದವರು ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. 100ರಲ್ಲಿ 99 ಪಾಲು ಥೋರಿಯಮ್ ಆಕ್ಸೈಡ್, ಒಂದೇ ಪಾಲು ಸೀರಿಯಮ್ಮಿನದ್ದು. ಆ ಥೋರಿಯಮ್ ನಮ್ಮ ಪಡುಗಡಲ ದಂಡೆಯಲ್ಲೂ ಸಿಕ್ಕಿತು, ಗೊತ್ತುಂಟಾ? ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಷೋಂಬರ್ಗ್ ಎಂಬ ಜರ್ಮನ್ 1909ರಲ್ಲಿ ಥೋರಿಯಮ್ ಇರುವ ಮೊನಜೈಟ್ ಎಂಬ ಖನಿಜವನ್ನು ಗುರುತಿಸಿದ. ಆಮೇಲೆ ಮಣವಾಳಕುರಿಚಿಯ ಮರಳು ಹಡಗು ಹತ್ತಿತು. ನಮ್ಮ ರಂಗಸ್ಥಳದ ಕಂಬದಲ್ಲಿ ತೂಗಿ ಬಣ್ಣದ ವೇಷಕ್ಕೆ ಬೆಳಕು ಕೊಟ್ಟ ಗ್ಯಾಸ್‌ಲೈಟಿನಲ್ಲಿ ಇದೇ ಪಡುಗಡಲಿನ ಮರಳೂ ಇದ್ದಿರಬಹುದು ಅಂತ ನೆನೆಸಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಥೋರಿಯಮ್ ವಿಕಿರಣ ಸೂಸುವ ವಸ್ತು. ಒಡೆದ ಹಳೆ ಮ್ಯಾಂಟಲ್ಲಿನ ಪುಡಿ ಮೂಗಿಗೆ ಹೋಗದ ಹಾಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀಬೇಕು. ಈಗಿನ ಹಲವು ಮ್ಯಾಂಟಲ್ಲಿಗೆ ಯಿಟ್ರಿಯಮ್ ಹಾಕ್ತಾರೆ, ಭಯ ಇಲ್ಲ.

ನಿಮ್ಮ ಅಟ್ಟದಲ್ಲೂ ಒಂದು ಉಂಟು ಅಂದ್ರಲ್ಲ, ದಯವಿಟ್ಟು ಗುಜರಿಗೆ ಹಾಕಬೇಡಿ. ಫಳಫಳ ಮಾಡ್ತೇನೆ ಅಂತ ಉಜ್ಜುಕಾಗದ ಹಿಡ್ಕೊಂಡು ಕೂರಲೂಬೇಡಿ; ಮೇಲಿನ ನಿಕ್ಕಲ್ ಲೇಪ ಹೋದರೆ ಮತ್ತೆ ಬರುವುದಿಲ್ಲ. ಪಂಪಿನ ಚರ್ಮದ ವಾಷರು ಒಣಗಿರ್ತದೆ, ಎರಡು ತೊಟ್ಟು ಎಣ್ಣೆ ಬಿಟ್ಟರೆ ಮೆತ್ತಗಾಗ್ತದೆ. ಪೆಟ್ರೋಲ್ ಮಾತ್ರ ಯಾವ ಕಾಲಕ್ಕೂ ಹಾಕಬಾರದು. ಆದಿತ್ಯವಾರ ತನ್ನಿ. ಮೊದಲು ಟ್ಯಾಂಕಿಗೆ ನೀರು ತುಂಬಿಸಿ ಗಾಳಿ ಹಾಕಿ ನೋಡುವ. ಕುತ್ತಿಗೆಯಲ್ಲಿ ಬಿರುಕಿದ್ದರೆ ಅಲ್ಲೇ ಜಿನುಗ್ತದೆ. ಇಲ್ಲದಿದ್ದರೆ ಮ್ಯಾಂಟಲ್ ನಂದು, ಸೀಮೆಎಣ್ಣೆ ನಿಮ್ದು.